ತಲೆ ಬದಲಿಸಲು ಹೋದ ಕಥೆ

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ ಬಂದು ಚಾಕ್ಕೆ ನೀರಿಡುವ ಪದ್ಧತಿಯಿತ್ತು. ನೀರು ಕುದಿದು, ಹುಡಿ ಬಿದ್ದು, ಹಾಲು ಬೆರೆತು, ಸೋಸಿ ಲೋಟಕ್ಕೆ ಹೊಯ್ದು ತರುವಷ್ಟರಲ್ಲಿ ಪರದೆಯ ಮೇಲೆ ಚಿತ್ರ ಮೂಡಿದ್ದರೆ ಅಂದು ಅದರ ಆರೋಗ್ಯ ಚೆನ್ನಾಗಿದೆ ಎಂದು ಲೆಕ್ಕ. ಏನಾದರೂ ಅಪ್‌ಡೇಟ್ ಬಂದ ದಿನವಾದರೆ ಚಾ ಕುಡಿದು, ಲೋಟ ತೊಳೆದಿಟ್ಟು, ಅಂಗಳಕ್ಕಿಳಿದು ಘಟ್ಟದ ಮೇಲೆ ಮೋಡ ಎಷ್ಟಿದೆಯೆಂದು ನೋಡಿಕೊಂಡು ಬರುವಷ್ಟು ಪುರುಸೊತ್ತು ಸಿಗುತ್ತಿತ್ತು.

ನಮ್ಮದು ಸಿದ್ದಾಪುರ. ಉತ್ತರ ಕನ್ನಡದ ಸಿದ್ದಾಪುರವಲ್ಲ, ಕೊಡಗಿನ ಸಿದ್ದಾಪುರವೂ ಅಲ್ಲ. ಕುಂದಾಪುರದಿಂದ ಬಸ್ರೂರು, ಕಂಡ್ಲೂರು, ಅಂಪಾರು ದಾಟಿ ಪೂರ್ವಕ್ಕೆ ಬಂದರೆ ಘಟ್ಟದ ಬುಡದಲ್ಲಿ ಸಿಗುವ ಸಿದ್ದಾಪುರ. ಇನ್ನೂ ಮುಂದೆ ಹೋದರೆ ಹೊಸಂಗಡಿ, ಆಮೇಲೆ ಬಾಳೆಬರೆ ಘಾಟಿ. ಸಮೀಪದ ಕಮಲಶಿಲೆಯಲ್ಲಿ ಮಳೆಗಾಲದಲ್ಲಿ ಕುಬ್ಜಾ ನದಿ ದೇವಿಯ ಗರ್ಭಗುಡಿಗೇ ನುಗ್ಗಿ ಬರುತ್ತಾಳೆ. ಅಂಥ ಮಳೆಯೂರು. ಇಲ್ಲಿ ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತ ಬಂದವನು. ಯಂತ್ರಗಳ ವಿಷಯದಲ್ಲಿ ನನ್ನ ಜ್ಞಾನ ಸೈಕಲ್ ಪಂಕ್ಚರಿನ ಆಚೆಗೆ ಹೋದದ್ದಿಲ್ಲ.

ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದು 2020ರಲ್ಲಿ. ಆ ವರ್ಷದ ಮಕ್ಕಳಿಗೆ ನೆನಪಿರಬಹುದು. ಲಾಕ್‌ಡೌನ್ ಬಂದು ಇಂಗ್ಲಿಷ್ ಪರೀಕ್ಷೆ ಒಂದೇ ಉಳಿದು, ಅದು ಜೂನ್ 18ಕ್ಕೆ ನಡೆಯಿತು. ಆಮೇಲೆ ಎಂಜಿನಿಯರಿಂಗ್ ಸೀಟು, ಆಮೇಲೆ ಆನ್‌ಲೈನ್ ಪಾಠ. ಲ್ಯಾಪ್‌ಟಾಪ್ ಇಲ್ಲದೆ ಕಾಲೇಜಿಗೆ ಕಾಲಿಡುವಂತೆಯೇ ಇರಲಿಲ್ಲ. ಅಂಗಡಿಯಲ್ಲಿ ವಿಚಾರಿಸಿದರೆ ಮಾಲಿಲ್ಲ, ಇದ್ದದ್ದಕ್ಕೆ ಬೆಲೆ ಹೆಚ್ಚು. ಕಡೆಗೆ 33 ಸಾವಿರ ರೂಪಾಯಿ ಕೊಟ್ಟು ಒಂದನ್ನು ತಂದೆ. ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. 'ಟಿಬಿ' ಎಂದರೆ ಸಾವಿರ ಜಿಬಿ ಎಂದು ಅಂಗಡಿಯವರು ಹೇಳಿದಾಗ, ಕೊಟ್ಟ ಹಣಕ್ಕೆ ಮೋಸವಿಲ್ಲ ಎನಿಸಿತು. ದೊಡ್ಡ ಅಂಕಿಯನ್ನು ಕಂಡು ಸಮಾಧಾನಪಡುವುದು ನಮ್ಮಂಥವರ ಹಳೆಯ ಅಭ್ಯಾಸ. ಮಕ್ಕಳ ಅಂಕಪಟ್ಟಿಯನ್ನೂ ನಾವು ಹಾಗೆಯೇ ಓದುವುದು.

ಮೊದಲ ವರ್ಷ ಹೇಗೋ ಕಳೆಯಿತು. ಎರಡನೆಯ ವರ್ಷಕ್ಕೆ ಸರ್ಕಿಟು ಬಿಡಿಸುವ ತಂತ್ರಾಂಶ, ಪ್ರೋಗ್ರಾಂ ಬರೆಯುವ ತಂತ್ರಾಂಶ ಎಂದು ಒಂದೊಂದೇ ಒಳಸೇರಿದವು. ಯಂತ್ರ ಏದುಸಿರು ಬಿಡತೊಡಗಿತು. ಹಾಸ್ಟೆಲಿನಿಂದ ಮನೆಗೆ ಬಂದಾಗೆಲ್ಲ ಅವಳದು ಒಂದೇ ದೂರು: "ಅಪ್ಪಯ್ಯ, ಇದು ಭಾರೀ ಸ್ಲೋ."

ನಾನು ನಂಬಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಕನ್ನಡ ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮೂರನೆಯ ಸೆಮಿಸ್ಟರಿನಲ್ಲಿ ಒಂದು ವಿಷಯ ಹೋಯಿತು. ಆನ್‌ಲೈನಿನಲ್ಲಿ ಮಾಡಿದ ಒಂದು ಆಂತರಿಕ ಪರೀಕ್ಷೆಯಲ್ಲಿ ಉತ್ತರ ಬರೆದು ಕಳಿಸುವ ಹೊತ್ತಿಗೆ ಯಂತ್ರ ಸ್ತಬ್ಧವಾಗಿ, ಸಮಯ ಮುಗಿದೇ ಹೋಯಿತಂತೆ. ಆ ದಿನ ನಾನು ಆಡಬಾರದ ಮಾತೊಂದನ್ನು ಆಡಿದೆ.

"ಸ್ಲೋ ಆಗಿರುವುದು ಲ್ಯಾಪ್‌ಟಾಪೋ, ನಿನ್ನ ತಲೆಯೋ?"

ಅವಳು ಉತ್ತರ ಕೊಡಲಿಲ್ಲ. ಲ್ಯಾಪ್‌ಟಾಪನ್ನು ಮಡಿಸಿ ಒಳಗೆ ಹೋದಳು. ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಹೇಳಿ ನನಗೆ ರೂಢಿಯಾಗಿದ್ದ ಮಾತು ಅದು. ಮನೆಯಲ್ಲಿ ಹೇಳಿದ್ದು ಅದೇ ಮೊದಲು.

2022ರ ಜುಲೈಯಲ್ಲಿ ರಜೆಗೆ ಬಂದವಳು ಮತ್ತೆ ದೂರಲಿಲ್ಲ. ಒಂದು ಪ್ರಶ್ನೆ ಕೇಳಿದಳು, ಅಷ್ಟೇ. "ಅಪ್ಪಯ್ಯ, ಇದರ ಪ್ರೊಸೆಸರ್ ಬದಲಿಸುಕ್ ಆತ್ತಾ? ಐ3 ತೆಗೆದು ಐ7 ಹಾಕಿದರೆ ಸರಿಯಾಗ್ತ್ ಅಂದ್ರ್ ಒಬ್ರು." ಹೀಗೆ ಹೇಳಿದವರು ಬೆಂಗಳೂರಿನಿಂದ ಊರಿಗೆ ಬಂದಿದ್ದ ನೆರೆಮನೆಯವರು.

ಪ್ರೊಸೆಸರ್ ಎಂದರೆ ಗಣಕದ ತಲೆ ಎಂಬಷ್ಟು ನನಗೂ ಗೊತ್ತಿತ್ತು. ಹೊಸ ಲ್ಯಾಪ್‌ಟಾಪಿಗೆ 50 ಸಾವಿರ ಹೊಂದಿಸುವುದಕ್ಕಿಂತ ತಲೆ ಒಂದನ್ನೇ ಬದಲಿಸುವುದು ಅಗ್ಗವಲ್ಲವೇ? ಅಲ್ಲದೆ ನನ್ನ ನೆನಪಿನಲ್ಲಿ ಎರಡು ಸಾಕ್ಷಿಗಳಿದ್ದವು.

ಒಂದು, 1996ರ ಸುಮಾರಿಗೆ ಉಡುಪಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಂಡದ್ದು. ಆಗ '486' ಎಂಬ ಗಣಕಗಳ ಕಾಲ. ಅಲ್ಲಿನ ಹುಡುಗ ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಒಂದು ಸಣ್ಣ ಸನ್ನೆಕೋಲನ್ನು ಮೇಲೆತ್ತಿ, ಬಿಸ್ಕತ್ತಿನ ಗಾತ್ರದ ಚಿಪ್ಪನ್ನು ಹಗುರವಾಗಿ ತೆಗೆದು, ಅದೇ ಜಾಗದಲ್ಲಿ ಇನ್ನೊಂದನ್ನು ಕೂರಿಸಿ, ಸನ್ನೆಕೋಲನ್ನು ಒತ್ತಿಬಿಟ್ಟ. ಹಳೆಯ ಗಣಕ ಹೊಸ ವೇಗ ಪಡೆಯಿತು. ಹೀಗೆ ಬದಲಿಸುವುದಕ್ಕೆಂದೇ ಇಂಟೆಲ್ ಕಂಪೆನಿ 1992ರಿಂದ 'ಓವರ್‌ಡ್ರೈವ್' ಎಂಬ ಚಿಪ್ಪುಗಳನ್ನು ಮಾರುತ್ತಿತ್ತೆಂದು ಆಮೇಲೆ ತಿಳಿಯಿತು.

ಇನ್ನೊಂದು ಸಾಕ್ಷಿ ನಮ್ಮ ಊರ ಪಕ್ಕದ್ದೇ. ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರ. ಮೊದಲ ಹಂತದಲ್ಲಿ ಅಲ್ಲಿದ್ದದ್ದು ತಲಾ 115 ಮೆಗಾವಾಟಿನ ಎರಡು ಯಂತ್ರ. 2009ರಲ್ಲಿ ಇನ್ನೆರಡು ಸೇರಿ 230 ಇದ್ದದ್ದು 460 ಮೆಗಾವಾಟ್ ಆಯಿತು. ಬೆಟ್ಟದ ಹೊಟ್ಟೆಯೊಳಗಿನ ವಿದ್ಯುದಾಗಾರದ ಶಕ್ತಿಯನ್ನೇ ದುಪ್ಪಟ್ಟು ಮಾಡಬಹುದಾದರೆ ಚೀಲದೊಳಗಿನ ಲ್ಯಾಪ್‌ಟಾಪು ಯಾವ ಲೆಕ್ಕ? ಹೀಗೆ ವಾದ ಕಟ್ಟಿ, ಮಗಳನ್ನು ಕರೆದುಕೊಂಡು ಒಂದು ಶನಿವಾರ ಕುಂದಾಪುರದ ಬಸ್ಸು ಹತ್ತಿದೆ. ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಚೀಲದ ಹೊದಿಕೆ. ನಮಗೆ ಇಬ್ಬರಿಗೂ ಸೇರಿ ಒಂದು ಕೊಡೆ.

ಶಾಸ್ತ್ರಿ ಸರ್ಕಲ್ಲಿನಲ್ಲಿ ಇಳಿದು, ಒಂದು ಓಣಿಯೊಳಗಿನ ರಿಪೇರಿ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗನಿಗೆ ಇಪ್ಪತ್ತೈದರ ಒಳಗಿನ ವಯಸ್ಸು. ನನ್ನ ಬೇಡಿಕೆ ಕೇಳಿ ಅವನು ನಗಲಿಲ್ಲ. ಅದಕ್ಕೆ ಅವನಿಗೆ ಇವತ್ತಿಗೂ ಕೃತಜ್ಞ. "ಅದ್ ಆತಿಲ್ಲೆ ಸರ್" ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಾಗಿತ್ತು. ಹಾಗೆ ಮಾಡದೆ ತಿರುಪು ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿ, ನಮ್ಮಿಬ್ಬರನ್ನೂ ಹತ್ತಿರ ಕರೆದು ತೋರಿಸಿದ.

ಹಸಿರು ಹಲಗೆಯ ಮೇಲೆ ತಾಮ್ರದ ಒಂದು ಕೊಳವೆ, ಅದರ ತುದಿಗೆ ಫ್ಯಾನು. ಕೊಳವೆಯನ್ನು ಎತ್ತಿದಾಗ ಕೆಳಗೆ ಕನ್ನಡಿಯಂತೆ ಹೊಳೆಯುವ ಒಂದು ಚಿಕ್ಕ ಚೌಕ. ಅದೇ ಪ್ರೊಸೆಸರ್. ನಾನು ಸನ್ನೆಕೋಲಿಗಾಗಿ ಹುಡುಕಿದೆ. ಇರಲಿಲ್ಲ. ಚಿಪ್ಪು ಹಲಗೆಗೆ ಅಂಟಿಕೊಂಡೇ ಇತ್ತು. ಅದರ ಹೊಟ್ಟೆಯಡಿಯಲ್ಲಿ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳು ಸಾಲುಸಾಲಾಗಿ ಇರುತ್ತವೆ. ಒಂದೆರಡಲ್ಲ, 1356. ಕಾರ್ಖಾನೆಯಲ್ಲಿ ಬಿಸಿಗಾಳಿಯ ಒಲೆಯೊಳಗೆ ಹಾಯಿಸಿ ಅಷ್ಟನ್ನೂ ಒಟ್ಟಿಗೆ ಕರಗಿಸಿ ಹಲಗೆಗೆ ಕೂಡಿಸುತ್ತಾರೆ. ಒಮ್ಮೆ ಕೂಡಿದ ಮೇಲೆ ಅದು ಹಲಗೆಯದೇ ಒಂದು ಅಂಗ.

ಯಾವಾಗಲೂ ಹೀಗಿರಲಿಲ್ಲ. ಲ್ಯಾಪ್‌ಟಾಪುಗಳಲ್ಲೂ ಹಿಂದೆ ಕೆಲವದರಲ್ಲಿ ಪ್ರೊಸೆಸರಿಗೆ ಕುಳಿ ಇರುತ್ತಿತ್ತು. ಅದನ್ನು ಸಾಕೆಟ್ ಎನ್ನುತ್ತಾರೆ. ಚಿಪ್ಪಿನ ಕಾಲುಗಳು ಅದರಲ್ಲಿ ಇಳಿಯುತ್ತಿದ್ದವು, ತಿರುಪು ತಿರುಗಿಸಿದರೆ ಬಿಗಿಯಾಗುತ್ತಿದ್ದವು. ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ 2013ರ ನಾಲ್ಕನೆಯ ತಲೆಮಾರಿನವರೆಗೆ ಇಂಥವು ಬಂದವು. ಆಮೇಲಿನವೆಲ್ಲ ಬೆಸುಗೆಯವೇ. ಎಎಂಡಿ ಕಂಪೆನಿಯೂ ಅದೇ ಹೊತ್ತಿಗೆ ಅದೇ ದಾರಿ ಹಿಡಿಯಿತು. ಟೇಬಲ್ ಮೇಲಿನ ದೊಡ್ಡ ಗಣಕದ ಚಿಪ್ಪನ್ನೇ ಹಾಕಿಕೊಂಡು ಬರುವ ಬೆರಳೆಣಿಕೆಯ ದಢೂತಿ ಲ್ಯಾಪ್‌ಟಾಪುಗಳನ್ನು ಬಿಟ್ಟರೆ, ಇವತ್ತು ನಮ್ಮ ಮಕ್ಕಳ ಕೈಯಲ್ಲಿರುವ ಯಾವುದರಲ್ಲೂ ಪ್ರೊಸೆಸರ್ ಬದಲಿಸುವ ಅನುಕೂಲವಿಲ್ಲ.

"ಬೆಂಗಳೂರಿನ ಎಸ್.ಪಿ. ರೋಡಿನಂಥಲ್ಲಿ ಬಿಸಿಗಾಳಿ ಹೊಡೆದು ಚಿಪ್ಪು ಕೀಳುವ ಯಂತ್ರ ಇತ್ತ್ ಸರ್" ಎಂದ ಹುಡುಗ. "ಆದ್ರೆ ಒಂದು ಗುಂಡು ಸರಿ ಕೂರದಿದ್ರೆ ಬೋರ್ಡೇ ಹೋಯ್ತ್. ಕೂತ್ರೂ ಒಳಗಿನ ಬಯೋಸ್ ಹೊಸ ಚಿಪ್ಪನ್ನು ಗುರ್ತು ಹಿಡೀಕಲ್ದಾ? ಅದೂ ಆಯ್ತ್ ಅಂದ್ರೂ ಬಿಸಿ ಎಲ್ಲಿಗೆ ಹೋಪುದು?"

ಬಿಸಿಯ ಮಾತು ನನಗೆ ಹೊಸದು. ನಮ್ಮ ಲ್ಯಾಪ್‌ಟಾಪಿನ ಪ್ರೊಸೆಸರ್ 15 ವಾಟಿನದು. ಆ ತೆಳ್ಳಗಿನ ತಾಮ್ರದ ಕೊಳವೆ, ಆ ಪುಟ್ಟ ಫ್ಯಾನು ಇರುವುದು 15 ವಾಟಿನ ಬಿಸಿಯನ್ನು ಹೊರಹಾಕಲು. ಆಟದ ಲ್ಯಾಪ್‌ಟಾಪುಗಳಲ್ಲಿರುವ 45 ವಾಟಿನ ಚಿಪ್ಪನ್ನು ಇಲ್ಲಿ ಹೇಗೋ ಕೂರಿಸಿದರೂ ಅದು ಕಾದು, ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸಿಕೊಂಡು ಕುಂಟುತ್ತದೆ. ಬಲದ ಎತ್ತನ್ನು ಕಿರಿದಾದ ಕೊಟ್ಟಿಗೆಯಲ್ಲಿ ಕಟ್ಟಿದಂತೆ.

ಹಾಗಾದರೆ ಕಂಪೆನಿಗಳು ನಮ್ಮನ್ನು ಕಟ್ಟಿಹಾಕಲೆಂದೇ ಬೆಸುಗೆ ಹಾಕಿದವೇ? ಅದೂ ಪೂರ್ತಿ ನಿಜವಲ್ಲ. ಸಾಕೆಟ್ ಎಂದರೆ ದಪ್ಪ, ತೂಕ, ಖರ್ಚು. ಬೆಸುಗೆಯಾದರೆ ಯಂತ್ರ ತೆಳ್ಳಗಾಗುತ್ತದೆ, ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಕುಲುಕಿದರೂ ಸಡಿಲವಾಗುವ ಭಯವಿಲ್ಲ. ಅಂಗಡಿಯಲ್ಲಿ ಎರಡನ್ನು ಎತ್ತಿ ನೋಡಿ ಹಗುರವಾದದ್ದನ್ನು ಆರಿಸಿದವರು ನಾವೇ. ಆದರೆ ಆ ಹಗುರಕ್ಕೆ ಏನನ್ನು ಬಿಟ್ಟುಕೊಟ್ಟೆವು ಎಂಬುದನ್ನು ಯಾರೂ ಕೂರಿಸಿ ಹೇಳಲಿಲ್ಲ.

ಇಷ್ಟಕ್ಕೇ ಎದ್ದು ಬರುತ್ತಿದ್ದೆವು. ಅಷ್ಟರಲ್ಲಿ ಆ ಹುಡುಗ ಮಗಳ ಕಡೆ ತಿರುಗಿ, "ನಿಂಗೆ ಸ್ಲೋ ಆಪುದು ಯಾವಾಗ?" ಎಂದು ಕೇಳಿದ. ಎರಡು ವರ್ಷಗಳಲ್ಲಿ ನಾನು ಕೇಳದ ಪ್ರಶ್ನೆ ಅದು. ತೆರೆಯುವಾಗ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ, ಬ್ರೌಸರಿನಲ್ಲಿ ನಾಲ್ಕೈದು ಪುಟ ತೆರೆದಾಗ ಎಂದು ಅವಳು ಹೇಳಿದಳು. ಅವನು ಮುಚ್ಚಳ ಹಾಕಿ, ಯಂತ್ರ ಹಚ್ಚಿ, ಅವಳು ದಿನವೂ ಬಳಸುವ ತಂತ್ರಾಂಶಗಳನ್ನೆಲ್ಲ ತೆರೆಯಲು ಹೇಳಿ, 'ಟಾಸ್ಕ್ ಮ್ಯಾನೇಜರ್' ಎಂಬ ಪಟ್ಟಿಯನ್ನು ಪರದೆಯ ಮೇಲೆ ತಂದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಬರುತ್ತದೆ. ನೀವೂ ಇವತ್ತೇ ನೋಡಬಹುದು.

ಪಟ್ಟಿಯಲ್ಲಿ ಡಿಸ್ಕ್ ಎಂಬಲ್ಲಿ ಶೇ. 100 ಎಂದು ಕೆಂಪಾಗಿತ್ತು. ಮೆಮರಿ ಶೇ. 90ರ ಮೇಲೆ. ಪ್ರೊಸೆಸರ್ ಎಂಬಲ್ಲಿ ಶೇ. 9, 11, ಮತ್ತೆ 9.

"ಕಾಣಿ ಸರ್" ಎಂದ ಹುಡುಗ. "ತಲೆಗೆ ಎಂತದೂ ಆಯ್ಲಿಲ್ಲ. ಅದು ಸುಮ್ನೆ ಕೂಕಂಡಿತ್. ಕಾಯ್ತಾ ಇತ್ತ್."

ನಾನು ಪರದೆಯನ್ನು ನೋಡಿದೆ. ಮಗಳು ಪರದೆಯನ್ನು ಬಿಟ್ಟು ನನ್ನನ್ನು ನೋಡಿದಳು.

ಅವನು ಮುಂದೆ ವಿವರಿಸಿದ್ದನ್ನು ನನ್ನ ಅಳತೆಗೆ ತಂದುಕೊಂಡು ಹೇಳುತ್ತೇನೆ. ಮದುವೆ ಮನೆಯ ಅಡುಗೆ ಎಂದಿಟ್ಟುಕೊಳ್ಳಿ. ಪ್ರೊಸೆಸರ್ ಎಂದರೆ ಮುಖ್ಯ ಅಡುಗೆಯವರು. ರ‍್ಯಾಮ್ ಎಂದರೆ ಅವರ ಎದುರಿಗಿನ ಮೇಜು; ಈಗ ಬೇಕಾದ ತರಕಾರಿ, ಮಸಾಲೆ ಅದರ ಮೇಲಿರಬೇಕು. ಹಾರ್ಡ್ ಡಿಸ್ಕ್ ಎಂದರೆ ಹಿತ್ತಲಿನ ಉಗ್ರಾಣ; ಎಲ್ಲ ಸಾಮಾನು ಇರುವುದು ಅಲ್ಲಿ. ನಮ್ಮ ಉಗ್ರಾಣ ಸಾವಿರ ಜಿಬಿಯದು, ಬಹಳ ದೊಡ್ಡದು. ಆದರೆ ಅಲ್ಲಿಂದ ತಂದುಕೊಡುವವನು ಮುದುಕ. ಹಾರ್ಡ್ ಡಿಸ್ಕಿನೊಳಗೆ ನಿಜವಾಗಿಯೂ ಒಂದು ತಟ್ಟೆ ಮಿನಿಟಿಗೆ 5400 ಸುತ್ತು ತಿರುಗುತ್ತಿರುತ್ತದೆ. ಗ್ರಾಮಾಫೋನಿನ ಮುಳ್ಳಿನಂಥ ಒಂದು ಕೈ ಆಚೀಚೆ ಸರಿದು, ಬೇಕಾದ ಜಾಗ ಸುತ್ತಿ ಬರುವ ತನಕ ಕಾದು, ಓದಿ ತರಬೇಕು. ಒಂದು ಸಲಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಭಾಗವಾದರೂ ಬೇಕು.

ಅಷ್ಟೇ ತಾನೇ ಎನ್ನಬೇಡಿ. ನಮ್ಮ ಐ3 ಪ್ರೊಸೆಸರ್ 2.3 ಗಿಗಾಹರ್ಟ್ಸಿನದು. ಎಂದರೆ ಅದರ ನಾಡಿ ಸೆಕೆಂಡಿಗೆ 230 ಕೋಟಿ ಸಲ ಬಡಿಯುತ್ತದೆ. ಡಿಸ್ಕಿನ ಕೈ ಒಮ್ಮೆ ಹೋಗಿ ಬರುವುದರೊಳಗೆ ಅದು 2 ಕೋಟಿ 30 ಲಕ್ಷ ಸಲ ಬಡಿದಾಯಿತು. ಒಗ್ಗರಣೆಗೆ ಸಾಸಿವೆ ತರಲು ಹೋದವನು ಬರುವವರೆಗೆ ಅಡುಗೆಯವರು ಅಷ್ಟು ಹೊತ್ತು ಸೌಟು ಹಿಡಿದು ನಿಂತಿರಬೇಕು. ಮೇಜು ಬೇರೆ ಚಿಕ್ಕದು, 4 ಜಿಬಿ. ಒಂದನ್ನು ಇಡಬೇಕಾದರೆ ಇನ್ನೊಂದನ್ನು ಉಗ್ರಾಣಕ್ಕೆ ವಾಪಸು ಕಳಿಸಬೇಕು. ಮುದುಕನಿಗೆ ಇಮ್ಮಡಿ ನಡಿಗೆ. ಅಂಥಲ್ಲಿ ಅಡುಗೆಯವರನ್ನು ಬದಲಿಸಿ ನಳಮಹಾರಾಜನನ್ನೇ ತಂದು ನಿಲ್ಲಿಸಿದರೂ ಊಟ ಬೇಗ ಬರುವುದಿಲ್ಲ. ನಳಮಹಾರಾಜ ಕಾಯುತ್ತಾನೆ, ಅಷ್ಟೇ.

ಮದ್ದು ಸರಳವಿತ್ತು. ತಿರುಗುವ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕುವುದು. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ, ಬರೇ ಚಿಪ್ಪುಗಳು. ಹಳೆಯ ಡಿಸ್ಕು ಸೆಕೆಂಡಿಗೆ ನೂರರ ಆಸುಪಾಸು ಸಲ ಹುಡುಕಿ ತಂದರೆ ಇದು ಸಾವಿರಗಟ್ಟಲೆ ಸಲ ತರುತ್ತದೆ. ಜೊತೆಗೆ ರ‍್ಯಾಮನ್ನು 4ರಿಂದ 8 ಜಿಬಿಗೆ ಏರಿಸುವುದು. ನಮ್ಮ ಪುಣ್ಯಕ್ಕೆ ರ‍್ಯಾಮ್ ಬೆಸುಗೆಯದಾಗಿರದೆ ಕಳಚುವಂಥದ್ದಾಗಿತ್ತು. ಮೂರನೆಯದು ಚೊಕ್ಕಟ ಮಾಡುವುದು. ಫ್ಯಾನಿನ ರೆಕ್ಕೆಗಳ ಹಿಂದೆ ಬೂದುಬಣ್ಣದ ಕಂಬಳಿಯಂಥ ಧೂಳಿನ ಪದರ ಕೂತಿತ್ತು. ಹಾಸಿಗೆಯ ಮೇಲೆ, ಹೊದಿಕೆಯ ಮೇಲೆ ಇಟ್ಟು ಓದಿದ್ದರ ಫಲ. ಗಾಳಿ ಹೋಗುವ ಕಿಂಡಿ ಮುಚ್ಚಿದರೆ ಯಂತ್ರ ಕಾಯುತ್ತದೆ, ಕಾದರೆ ವೇಗ ತಗ್ಗಿಸುತ್ತದೆ. ಧೂಳು ತೆಗೆದು, ಪ್ರೊಸೆಸರಿಗೂ ತಾಮ್ರಕ್ಕೂ ನಡುವಿನ ಒಣಗಿದ ಲೇಪವನ್ನು ಒರಸಿ ಹೊಸತು ಹಚ್ಚಿದ. ಎಲ್ಲ ಸೇರಿ ಅಂದಿನ ದರದಲ್ಲಿ 5,200 ರೂಪಾಯಿ. ಹಳೆಯ ಡಿಸ್ಕಿನಲ್ಲಿದ್ದ ಕಡತಗಳನ್ನು ಮೊದಲು ಬೇರೆ ಕಡೆ ನಕಲು ಮಾಡಿಟ್ಟ. ಅದನ್ನು ಮಾಡದೆ ಯಾರೂ ಡಿಸ್ಕಿಗೆ ಕೈಹಾಕಬಾರದು.

ಎರಡು ಗಂಟೆ ಬಿಟ್ಟು ಬನ್ನಿ ಎಂದ. ಹೋಟೆಲಿಗೆ ಹೋಗಿ ಕೂತೆವು. ಹೊರಗೆ ಮಳೆ ಹೊಡೆಯುತ್ತಿತ್ತು. ಮಗಳು ಗೋಳಿಬಜೆ ಮುರಿಯುತ್ತಿದ್ದಳು. ನನ್ನ ತಲೆಯಲ್ಲಿ "ಅದು ಸುಮ್ನೆ ಕೂಕಂಡಿತ್, ಕಾಯ್ತಾ ಇತ್ತ್" ಎಂಬ ಮಾತೇ ತಿರುಗುತ್ತಿತ್ತು.

ಹತ್ತು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕಡೆಯ ಬೆಂಚು. ಏನು ಕೇಳಿದರೂ ಒಂದು ಕ್ಷಣ ತಡೆದು ಉತ್ತರ ಹೇಳುತ್ತಿದ್ದ. ಅಷ್ಟರಲ್ಲಿ ನಾನು ಮುಂದಿನವನಿಗೆ ಹೋಗಿಬಿಡುತ್ತಿದ್ದೆ. ಮೊದಲ ಪಿರಿಯಡ್ಡಿನಲ್ಲಿ ಕಣ್ಣು ಎಳೆಯುತ್ತಿತ್ತು. "ಇವನ ತಲೆ ಓಡುವುದಿಲ್ಲ" ಎಂದು ಅವನ ಎದುರಿಗೇ ಹೇಳಿದ್ದೆ. ಅವನು ಹತ್ತನೆಯದನ್ನು ಮುಗಿಸಿ ಹೋದ ಮೇಲೆ ಯಾರೋ ಹೇಳಿದರು: ಬೆಳಗಿನ ನಾಲ್ಕೂವರೆಗೆ ಎದ್ದು ತಂದೆಯ ಜೊತೆ ರಬ್ಬರ್ ತೋಟಕ್ಕೆ ಹಾಲು ತೆಗೆಯಲು ಹೋಗಿ, ಅಲ್ಲಿಂದ ನೇರ ಶಾಲೆಗೆ ಬರುತ್ತಿದ್ದನಂತೆ. ಅವನಿಗೆ ಬೇಕಾಗಿದ್ದದ್ದು ಹೊಸ ತಲೆಯಲ್ಲ. ಎರಡು ಗಂಟೆಯ ನಿದ್ದೆ, ಒಂದು ದೋಸೆ, ಉತ್ತರ ಹೇಳಲು ಒಂದು ಕ್ಷಣ. ಪಟ್ಟಿ ತೆರೆದು ನೋಡುವ ಕೆಲಸವನ್ನು ನಾನು ಮಾಡಿರಲಿಲ್ಲ.

ಮಗಳಿಗೆ ಆ ಹುಡುಗನ ಕಥೆ ಹೇಳಿದೆ. ಕ್ಷಮೆ ಕೇಳುವ ಅಭ್ಯಾಸ ನಮ್ಮ ಕಾಲದ ಅಪ್ಪಂದಿರಿಗಿಲ್ಲ. ಕಥೆ ಹೇಳುವ ಅಭ್ಯಾಸವಿದೆ. ಅವಳು ಕೇಳಿಸಿಕೊಂಡು, "ಇನ್ನೊಂದು ಪ್ಲೇಟ್ ಗೋಳಿಬಜೆ ಹೇಳ್ಲಾ ಅಪ್ಪಯ್ಯ?" ಎಂದಳು. ಅರ್ಥವಾಯಿತೆಂದು ಅರ್ಥ.

ಲ್ಯಾಪ್‌ಟಾಪ್ ಮನೆಗೆ ಬಂದ ರಾತ್ರಿ ನಾನು ರೂಢಿಯಂತೆ ಚಾಕ್ಕೆ ನೀರಿಟ್ಟೆ. ನೀರಿನಲ್ಲಿ ಗುಳ್ಳೆ ಏಳುವ ಮೊದಲೇ ಒಳಗಿನಿಂದ ಕೂಗು ಬಂತು: "ಅಪ್ಪಯ್ಯ, ಬಂತ್!"

ಆದರೆ ಇಲ್ಲಿಗೆ ಎಲ್ಲ ಸುಖಾಂತ್ಯ ಎಂದರೆ ಓದುಗರಿಗೆ ಮೋಸ ಮಾಡಿದಂತೆ. ಪ್ರೊಸೆಸರ್ ಅದೇ ಇತ್ತಲ್ಲ. ತೆರೆಯುವುದು, ಮುಚ್ಚುವುದು, ಓದುವುದು, ಬರೆಯುವುದು ಎಲ್ಲ ಚುರುಕಾಯಿತು. ಆದರೆ ದೊಡ್ಡ ಸರ್ಕಿಟೊಂದರ ಲೆಕ್ಕಾಚಾರಕ್ಕೆ ಕೊಟ್ಟರೆ ಮೊದಲು 12 ಮಿನಿಟು ತೆಗೆದುಕೊಳ್ಳುತ್ತಿದ್ದದ್ದು ಆಮೇಲೂ 10 ಮಿನಿಟು ತೆಗೆದುಕೊಂಡಿತು. ಆಗ ಪಟ್ಟಿ ತೆರೆದರೆ ಪ್ರೊಸೆಸರ್ ಶೇ. 100ರಲ್ಲಿ ದುಡಿಯುತ್ತಿರುತ್ತಿತ್ತು. ಅದು ತಲೆಯ ನಿಜವಾದ ಮಿತಿ. ಅಂಥ ಕೆಲಸಗಳನ್ನು ಅವಳು ಕಾಲೇಜಿನ ಪ್ರಯೋಗಾಲಯದ ಗಣಕದಲ್ಲಿ ಮಾಡಿದಳು. ಮಿತಿ ಎಲ್ಲಿದೆ ಎಂದು ಗೊತ್ತಾದ ಮೇಲೆ ಅದರ ಜೊತೆ ಬದುಕುವುದು ಅಷ್ಟು ಕಷ್ಟವಲ್ಲ. ಹೋದ ವಿಷಯವನ್ನು ಮುಂದಿನ ಸಲ ಪಾಸು ಮಾಡಿಕೊಂಡಳು.

ಈ ಅನುಭವದಿಂದ, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸಲು ಹೊರಟ ಪಾಲಕರಿಗೆ ಒಂದೆರಡು ಮಾತು ಹೇಳುವ ಅಧಿಕಾರ ಬಂದಿದೆಯೆಂದು ಭಾವಿಸುತ್ತೇನೆ. ಬದಲಿಸಲಾಗದ್ದನ್ನು ಕೊಳ್ಳುವಾಗಲೇ ನೋಡಿ ಕೊಳ್ಳಿ. ಬದಲಿಸಬಹುದಾದದ್ದನ್ನು ಆಮೇಲೂ ಹಾಕಿಸಬಹುದು. ಪ್ರೊಸೆಸರ್ ಬದಲಿಸಲಾಗದ್ದು. ಆದ್ದರಿಂದ ಇರುವ ಹಣದಲ್ಲಿ ಮೊದಲ ಪಾಲು ಅದಕ್ಕೆ. ಐ3, ಐ5, ಐ7 ಎಂಬ ಹೆಸರನ್ನಷ್ಟೇ ನೋಡಿ ಮರುಳಾಗಬೇಡಿ. ಮುಂದಿನ ಸಂಖ್ಯೆ ಯಾವ ತಲೆಮಾರು ಎಂಬುದನ್ನು ಹೇಳುತ್ತದೆ. ಹಳೆಯ ಐ7ಗಿಂತ ಹೊಸ ಐ3 ಚುರುಕಾಗಿರುವುದುಂಟು. ಸಂಖ್ಯೆಯ ಜೊತೆಗಿನ ಅಕ್ಷರವನ್ನೂ ನೋಡಿ. 'ಯು' ಎಂದರೆ ಕಡಿಮೆ ವಿದ್ಯುತ್ತಿನದು, 'ಎಚ್' ಎಂದರೆ ಹೆಚ್ಚು ಶಕ್ತಿಯದು, ಹೆಚ್ಚು ಬಿಸಿಯದು. ಆಮೇಲೆ ಅಂಗಡಿಯವರಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: "ರ‍್ಯಾಮ್ ಬೆಸುಗೆಯದೋ, ಕಳಚುವಂಥದ್ದೋ?" ಈಚೆಗೆ ತೆಳ್ಳಗಿನ ಯಂತ್ರಗಳಲ್ಲಿ ಅದನ್ನೂ ಹಲಗೆಗೆ ಅಂಟಿಸಿಬಿಡುತ್ತಾರೆ. ಆ್ಯಪಲ್ ಕಂಪೆನಿಯಂತೂ 2020ರ ಎಂ1ರಿಂದ ಪ್ರೊಸೆಸರಿನ ಪೊಟ್ಟಣದೊಳಗೇ ಅದನ್ನು ಸೇರಿಸಿದೆ. ಅಂಥದ್ದಾದರೆ ಬೇಕಾದಷ್ಟನ್ನು ಮೊದಲ ದಿನವೇ ಕೊಳ್ಳಬೇಕು.

ಗಾಳಿ ಪೂರ್ತಿ ಒಂದೇ ಕಡೆಗೆ ಬೀಸುತ್ತಿಲ್ಲ ಎಂಬುದು ಸಮಾಧಾನ. ಅಮೆರಿಕದ ಫ್ರೇಮ್‌ವರ್ಕ್ ಎಂಬ ಕಂಪೆನಿ 2021ರಲ್ಲಿ ಒಂದು ಲ್ಯಾಪ್‌ಟಾಪ್ ತಂದಿತು. ಅದರಲ್ಲೂ ಪ್ರೊಸೆಸರ್ ಬೆಸುಗೆಯದೇ. ಆದರೆ ಪ್ರೊಸೆಸರ್ ಕೂತಿರುವ ಇಡೀ ಹಲಗೆಯನ್ನು ಕಳಚಿ, ಹೊಸ ಹಲಗೆ ಹಾಕಿಕೊಳ್ಳಬಹುದು. ಪರದೆ, ಕೀಲಿಮಣೆ, ಪೆಟ್ಟಿಗೆ ಹಳೆಯದೇ ಇರುತ್ತದೆ. ನಮ್ಮ ಕೇಂದ್ರ ಸರಕಾರವೂ ಕೊಂಡವರಿಗೆ ದುರಸ್ತಿಯ ಹಕ್ಕು ಇರಬೇಕೆಂದು 2022ರಲ್ಲಿ ಸಮಿತಿಯೊಂದನ್ನು ಮಾಡಿತು. ಒಂದು ವಸ್ತು ಕೆಟ್ಟರೆ ಎಸೆಯುವುದಲ್ಲ, ಬಿಚ್ಚಿ ನೋಡುವುದು ನಮ್ಮ ಹಿರಿಯರ ಸಹಜ ಬುದ್ಧಿಯಾಗಿತ್ತು. ಅದಕ್ಕೆ ಈಗ ಕಾನೂನಿನ ಆಸರೆ ಬೇಕಾಗಿದೆ.

ಮಗಳು 2024ರಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದಳು. ಕೆಲಸದವರೇ ಲ್ಯಾಪ್‌ಟಾಪ್ ಕೊಟ್ಟರು. ಹಳೆಯದು ನನ್ನ ಪಾಲಿಗೆ ಬಂತು. ಅದಕ್ಕೆ ಇನ್ನೊಂದು ಕಂಟಕ ಕಾದಿತ್ತು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕಂಪೆನಿ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಬೇಕು, ನಮ್ಮದು ಏಳನೆಯದು. ಒಂದೇ ಒಂದು ತಲೆಮಾರಿನಿಂದ ಬಾಗಿಲು ಮುಚ್ಚಿತು. ಈ ಸಲ ಅಡ್ಡಿಯಾದದ್ದು ನಿಜಕ್ಕೂ ತಲೆಯೇ. ಆದರೂ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ದೀಪಾವಳಿಗೆ ಬಂದಾಗ ಮಗಳು ಅದಕ್ಕೆ ಲಿನಕ್ಸ್ ಹಾಕಿಕೊಟ್ಟಳು. ಅದಕ್ಕೆ ಹಣ ಕೊಡಬೇಕಾಗಿಲ್ಲ, ತಲೆಮಾರಿನ ಜಾತಕವನ್ನೂ ಅದು ಕೇಳಲಿಲ್ಲ. ಕನ್ನಡ ಅಕ್ಷರ ಚೆನ್ನಾಗಿಯೇ ಮೂಡುತ್ತದೆ. ಈ ಬರಹವನ್ನು ಬರೆದದ್ದೂ ಅದರಲ್ಲೇ.

ಮೊನ್ನೆ ಒಬ್ಬ ಹಳೆಯ ಪರಿಚಯದವರು ಮನೆಗೆ ಬಂದಿದ್ದರು. ಮಗ ಪಿಯುಸಿ ಸೈನ್ಸು. "ಹುಡ್ಗನ್ ತಲೆ ಓಡುದೇ ಇಲ್ಲೆ ಮೇಷ್ಟ್ರೇ, ಬೇರೆ ಟ್ಯೂಷನ್ನಿಗೆ ಹಾಕುವಾ ಅಂತ" ಎಂದರು. ಹುಡುಗ ಪಕ್ಕದಲ್ಲೇ ನೆಲ ನೋಡುತ್ತ ಕೂತಿದ್ದ. ಮೊದಲಾದರೆ ಯಾವ ಟ್ಯೂಷನ್ ಒಳ್ಳೆಯದೆಂದು ಹೇಳುತ್ತಿದ್ದೆ. ಈಗ ಹುಡುಗನ ಕಡೆ ತಿರುಗಿ ಕೇಳಿದೆ: "ನಿನಗೆ ಕಷ್ಟ ಆಗುವುದು ಯಾವಾಗ ಮಗು?"

ಅವನು ಒಂದು ಕ್ಷಣ ತಡೆದ. ಅವನ ತಂದೆ ಬಾಯಿ ತೆರೆದರು. ನಾನು ಕೈಸನ್ನೆ ಮಾಡಿ ನಿಲ್ಲಿಸಿ, ಉತ್ತರ ಬರುವವರೆಗೆ ಕಾದೆ.